ಮಗನ ಎಡಿಎಚ್‌ಡಿ ಥೆರಪಿ, ನಮ್ಮ ಪೇರೆಂಟ್ ಕೋಚಿಂಗ್: ದುಡ್ಡು ಎಲ್ಲಿ ಹೋಯಿತು, ಎಲ್ಲಿ ಉಪಯೋಗವಾಯಿತು

ನಮ್ಮ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇದೆ. ಅವನನ್ನು ಕರೆದುಕೊಂಡು ಹೋದ ದಕ್ಷಿಣ ಬೆಂಗಳೂರಿನ ಒಂದು ಮಕ್ಕಳ ಥೆರಪಿ ಸೆಂಟರ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ದೂರುಗಳೂ ಇವೆ. ಅದೂ ಅಲ್ಲದೆ ನಾವು ವಿಚಾರಿಸಿದ ಬೇರೆ ಕಡೆಗಳಲ್ಲೂ ಪ್ಯಾಕೇಜ್ ಹೆಚ್ಚುಕಡಿಮೆ ಇದೇ ಥರ ಇತ್ತು, ಹಾಗಾಗಿ ನೀವು ಯಾವ ಸೆಂಟರಿಗೆ ಹೋಗುವವರಾದರೂ ಓದಬಹುದು. ಸ್ಟಾರ್ ಕೊಡಲೇಬೇಕು ಅಂದರೆ ಅಪ್ಪ ಅಮ್ಮನಿಗೆ ಹೇಳಿಕೊಡುವ ಪೇರೆಂಟ್ ಕೋಚಿಂಗ್‌ಗೆ ಐದಕ್ಕೆ ನಾಲ್ಕೂವರೆ, ಮಗುವಿನ ಜೊತೆ ಮಾಡುವ ಥೆರಪಿಗೆ ಎರಡು, ಬಿಲ್ಲಿಂಗ್‌ಗೆ ಒಂದು. ಆ ಒಂದು ಕೂಡ ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿಯ ತಾಳ್ಮೆಗೆ.

ನಮ್ಮ ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸ್. ಸ್ಕೂಲ್ ಡೈರಿಯಲ್ಲಿ ವಾರಕ್ಕೊಂದಾದರೂ ಕೆಂಪು ಇಂಕಿನ ಸಾಲು ಇರುತ್ತಿತ್ತು. ಜಾಗದಲ್ಲಿ ಕೂರುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಬೋರ್ಡ್ ಮೇಲಿನದ್ದನ್ನು ಅರ್ಧ ಬರೆದು ಬಿಡುತ್ತಾನೆ, ಹೊಸ ಜಾಮಿಟ್ರಿ ಬಾಕ್ಸ್ ಎರಡನೇ ದಿನಕ್ಕೆ ಕಾಣೆ. ಅತ್ತೆಗೆ ಇದೆಲ್ಲ ಒಂದು ವಿಷಯವೇ ಅಲ್ಲ. "ಇವರಪ್ಪನೂ ಹೀಗೇ ಇದ್ದ ಕಣಮ್ಮ, ಈಗ ಇಂಜಿನಿಯರ್ ಆಗಿಲ್ವಾ" ಅನ್ನುತ್ತಿದ್ದರು. ಆಮೇಲೆ ಡಾಕ್ಟರ್ ಕೂಡ ಅದೇ ಪ್ರಶ್ನೆ ಕೇಳಿದರು, ಮನೆಯಲ್ಲಿ ಇನ್ನು ಯಾರು ಹೀಗಿದ್ದರು ಅಂತ. ಇದು ವಂಶದಲ್ಲಿ ಹರಿದು ಬರುವುದು ತುಂಬಾ ಸಾಮಾನ್ಯವಂತೆ. ಗಂಡ ಆವತ್ತು ಮಗನಿಗಿಂತ ಜಾಸ್ತಿ ಗಮನ ಕೊಟ್ಟು ಕೇಳಿಸಿಕೊಂಡರು.

ಡಯಾಗ್ನೋಸಿಸ್ ನಾವು ಈ ಸೆಂಟರ್‌ನಲ್ಲಿ ಮಾಡಿಸಿದ್ದಲ್ಲ, ಮಕ್ಕಳ ಮನೋವೈದ್ಯರ ಹತ್ತಿರ ಮೊದಲೇ ಆಗಿತ್ತು. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆ ಕಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು. ಅದಕ್ಕೇ ಅಪ್ಪ ಅಮ್ಮನಿಗೆ ಒಂದು ಫಾರ್ಮ್, ಟೀಚರ್‌ಗೆ ಇನ್ನೊಂದು ಫಾರ್ಮ್. ಕಿವಿ, ಕಣ್ಣು, ನಿದ್ದೆ ಎಲ್ಲಾ ವಿಚಾರಿಸಿದರು. ಇಷ್ಟೆಲ್ಲ ಇರುವ ರಿಪೋರ್ಟ್ ಹಿಡಿದು ಸೆಂಟರಿಗೆ ಹೋದರೆ, "ನಮ್ಮ ಇನ್‌ಟೇಕ್ ಅಸೆಸ್‌ಮೆಂಟ್ ಆಗಲೇಬೇಕು ಮೇಡಂ" ಅಂದರು. 9,500 ರೂಪಾಯಿ. ಅದೇ ಥರದ ಫಾರ್ಮ್, ಅದೇ ಪ್ರಶ್ನೆಗಳು, ಕಲರ್ ಪ್ರಿಂಟ್‌ನಲ್ಲಿ ಗ್ರಾಫ್ ಜಾಸ್ತಿ. ಬೇರೆ ಕಡೆಯ ರಿಪೋರ್ಟ್ ಇತ್ತೀಚಿನದಾಗಿದ್ದರೆ ಒಪ್ಪಿಕೊಳ್ಳುತ್ತೀರಾ ಅಂತ ಫೋನ್‌ನಲ್ಲೇ ಕೇಳಿ. ಒಪ್ಪುವ ಸೆಂಟರ್‌ಗಳೂ ಇವೆ.

ಇನ್ನು ಪ್ಯಾಕೇಜ್. ಮಗುವಿನ ಜೊತೆ 24 ಸೆಷನ್, ಒಂದೊಂದು 45 ನಿಮಿಷ, ಸೆಷನ್‌ಗೆ 1,500, ಒಟ್ಟು 36,000 ಮುಂಗಡ. ಅದರ ಜೊತೆಗೆ ಪೇರೆಂಟ್ ಕೋಚಿಂಗ್ ನಾಲ್ಕು ಸೆಷನ್ "ಫ್ರೀ". ಈ ಲೆಕ್ಕವೇ ತಲೆಕೆಳಗು ಅನ್ನುವುದು ನನ್ನ ಪೂರ್ತಿ ರಿವ್ಯೂ. ಫ್ರೀ ಅಂತ ಕೊಟ್ಟ ಆ ನಾಲ್ಕರಿಂದ ಮನೆಯಲ್ಲಿ ಬದಲಾವಣೆ ಆಯಿತು. ದುಡ್ಡು ಕೊಟ್ಟ 24ರಿಂದ ಮಗನಿಗೆ ಉಯ್ಯಾಲೆ ಸಿಕ್ಕಿತು.

ಕೋಚಿಂಗ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ಏನಿರುತ್ತದೆ ಅಂತ ಕನ್ನಡದಲ್ಲಿ ಯಾರೂ ಸರಿಯಾಗಿ ಹೇಳಿದ್ದು ನನಗೆ ಕಾಣಲಿಲ್ಲ. "ಪೇರೆಂಟಿಂಗ್ ಕ್ಲಾಸ್ ಅಂದರೆ ನಮ್ಮನ್ನೇ ಬೈಯುವುದು" ಅಂತ ಗಂಡ ಮೊದಲ ಸಲ ಮುಖ ಊದಿಸಿಕೊಂಡೇ ಬಂದರು. ಕೋಚ್ ಮೇಡಂ ಯಾರನ್ನೂ ಬೈಯಲಿಲ್ಲ. ಧಾರವಾಡದ ಕಡೆಯವರು, ಎಂ.ಫಿಲ್ ಮಾಡಿದ ಕ್ಲಿನಿಕಲ್ ಸೈಕಾಲಜಿಸ್ಟ್, ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಬೆಂಗಳೂರಿನ ಈ ಥರದ ಸೆಂಟರ್‌ಗಳಲ್ಲಿ ಅದು ಸಣ್ಣ ವಿಷಯವಲ್ಲ, ಅರ್ಧಕ್ಕರ್ಧ ಜನ ಇಂಗ್ಲಿಷ್ ಬಿಟ್ಟರೆ ಹಿಂದಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೊಟ್ಟರೆ ಅದು ಮನೆಯಲ್ಲಿ ನಡೆಯುವುದು ಹೇಗೆ?

ಮೊದಲ ಕೆಲಸ, ಹೋಂವರ್ಕ್ ಮಾಡಿಸುವ ಅರ್ಧ ಗಂಟೆಯನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಅಂದರು. ಅದನ್ನು ಹಾಕಿ, ನಾವು ಎಷ್ಟು ಆರ್ಡರ್ ಕೊಡುತ್ತೇವೆ ಅಂತ ನಮ್ಮ ಕೈಯಲ್ಲೇ ಎಣಿಸಿದರು. "ಬ್ಯಾಗ್ ತೆಗಿ, ಶೂ ಒಳಗಿಡು, ಕೈ ತೊಳ್ಕೊ, ಡೈರಿ ಎಲ್ಲಿ, ನೆಟ್ಟಗೆ ಕೂತ್ಕೊ" ಎಲ್ಲಾ ಒಂದೇ ಉಸಿರಿಗೆ. ಈ ಮಕ್ಕಳಿಗೆ ಸಾಲಾಗಿ ಬಂದ ಮಾತಿನಲ್ಲಿ ಕೊನೆಯದ್ದು ಮಾತ್ರ ನಿಲ್ಲುತ್ತದೆ, ಕೆಲವು ಸಲ ಅದೂ ಇಲ್ಲ. ಹತ್ತಿರ ಹೋಗಿ, ಟಿವಿ ಆಫ್ ಮಾಡಿ, ಒಂದೇ ಒಂದು ಮಾತು ಹೇಳಿ, ಐದು ಸೆಕೆಂಡ್ ಸುಮ್ಮನಿರಿ ಅಂದರು. ಐದು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಒಮ್ಮೆ ಮಾಡಿ ನೋಡಿ. ಇನ್ನೊಂದು, ಆಯ್ಕೆ ಇಲ್ಲದ ಕೆಲಸವನ್ನು ಪ್ರಶ್ನೆಯ ಥರ ಹೇಳಬೇಡಿ. "ಸ್ನಾನ ಮಾಡ್ತೀಯಾ ಪುಟ್ಟಾ?" ಅಂದರೆ ಅವನು "ಇಲ್ಲ" ಅನ್ನುತ್ತಾನೆ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ ಅಲ್ವಾ.

ಎರಡನೆಯದು, ದಿನಕ್ಕೆ ಹದಿನೈದು ನಿಮಿಷ ಅವನ ಆಟ. ಏನು ಆಡಬೇಕು ಅಂತ ಅವನೇ ಹೇಳಬೇಕು, ನಾವು ಕಲಿಸಬಾರದು, ತಿದ್ದಬಾರದು, ಪ್ರಶ್ನೆ ಕೇಳಬಾರದು. ಅವನು ಮಾಡುತ್ತಿರುವುದನ್ನು ನೋಡಿ ಹೇಳುತ್ತಾ ಇರಬೇಕು, "ಓ, ಲಾರಿಗೆ ಎರಡು ಚಕ್ರ ಹಾಕ್ದೆ" ಅಂತ. ನನಗೆ ಕ್ರಿಕೆಟ್ ಕಾಮೆಂಟರಿ ಹೇಳಿದ ಹಾಗೆ ಅನ್ನಿಸುತ್ತಿತ್ತು, ಆದರೆ ಮೂರನೇ ವಾರದ ಹೊತ್ತಿಗೆ ಅವನೇ ಗಡಿಯಾರ ನೋಡಿ ಕರೆಯೋಕೆ ಶುರು ಮಾಡಿದ. ಶಿಸ್ತು, ಶಿಕ್ಷೆ ಎಲ್ಲಾ ಆಮೇಲೆ, ಮೊದಲು ಇದು. ಹೆಚ್ಚಿನ ಒಳ್ಳೆಯ ಪೇರೆಂಟ್ ಟ್ರೈನಿಂಗ್ ಕಾರ್ಯಕ್ರಮಗಳಲ್ಲಿ ಸುಮಾರು ಇದೇ ಕ್ರಮ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ನಿಮ್ಮ ಕೋಚ್ ಮೊದಲ ದಿನವೇ ಟೈಮ್ ಔಟ್ (ತಪ್ಪು ಮಾಡಿದಾಗ ಸ್ವಲ್ಪ ಹೊತ್ತು ಬೇರೆ ಕೂರಿಸುವುದು) ಬಗ್ಗೆ ಮಾತಾಡಿದರೆ ಸ್ವಲ್ಪ ಹುಷಾರಾಗಿರಿ.

ಆಮೇಲೆ ಟೋಕನ್, ಅಂದರೆ ಹೇಳಿದ ಕೆಲಸ ಮಾಡಿದ್ದಕ್ಕೆ ಒಂದೊಂದು ಗುರುತು, ಅದನ್ನು ಕೊಟ್ಟು ಬಹುಮಾನ ಪಡೆಯುವುದು. ಸೆಂಟರ್‌ನಲ್ಲಿ ಅದಕ್ಕೆ ಮ್ಯಾಗ್ನೆಟ್ ಇರುವ ಚಾರ್ಟ್ ಮಾರುತ್ತಾರೆ, 850 ರೂಪಾಯಿ. ಬೇಡ. ನಮ್ಮ ಮನೆಯಲ್ಲಿ ಚೌಕಾಬಾರದ ಹುಣಸೆ ಬೀಜ ಇದ್ದವು, ಒಂದು ಸ್ಟೀಲ್ ಡಬ್ಬಿ ಇತ್ತು, ಸಾಕಾಯಿತು. ಮೂರೇ ಕೆಲಸ: ಬೆಳಿಗ್ಗೆ ತಾನೇ ಯೂನಿಫಾರ್ಮ್ ಹಾಕಿಕೊಳ್ಳುವುದು, ಹೋಂವರ್ಕ್‌ಗೆ ಹತ್ತು ನಿಮಿಷ ಕೂರುವುದು, ತಂಗಿಗೆ ಹೊಡೆಯದೆ ಇರುವುದು. ಕೆಲಸ ಆದ ತಕ್ಷಣ ಬೀಜ ಡಬ್ಬಿಗೆ. ಬಹುಮಾನ ಅದೇ ದಿನ ಸಿಗಬೇಕು. ಭಾನುವಾರ ಸಿಗುವ ಐಸ್‌ಕ್ರೀಮ್‌ಗಾಗಿ ಮಂಗಳವಾರ ಕಷ್ಟಪಡುವುದು ಈ ಮಕ್ಕಳ ಕೈಲಿ ಆಗುವುದಿಲ್ಲ, ಅದು ಹಠ ಅಲ್ಲ, ಅವರ ಮೆದುಳಿಗೆ ದೂರದ ಬಹುಮಾನ ಬಹುಮಾನದ ಥರ ಕಾಣುವುದೇ ಇಲ್ಲ. ಮತ್ತೆ, ಕೊಟ್ಟ ಬೀಜವನ್ನು ಸಿಟ್ಟಿನಲ್ಲಿ ವಾಪಸ್ ಕಿತ್ತುಕೊಳ್ಳುವ ಹಾಗಿಲ್ಲ.

ಇದನ್ನೆಲ್ಲ ಅತ್ತೆ ಒಂದೇ ವಾರದಲ್ಲಿ ಕೆಡಿಸಿದರು. ಬೀಜ ಇರಲಿ ಬಿಡಲಿ, ಮೊಮ್ಮಗ ಕೇಳಿದರೆ ಕೋಡುಬಳೆ ಬರುತ್ತಿತ್ತು. ನಾನು ಹೇಳಿದ್ದರೆ ಮನೆಯಲ್ಲಿ ಮೂರು ದಿನ ಮಾತಿರುತ್ತಿರಲಿಲ್ಲ. ಕೋಚ್ ಮೇಡಂ ಮುಂದಿನ ಸೆಷನ್‌ಗೆ ಅವರನ್ನೂ ಕರೆದುಕೊಂಡು ಬರಲು ಹೇಳಿ, "ಅಜ್ಜಿ, ಬೀಜದ ಲೆಕ್ಕ ನೀವೇ ಇಟ್ಕೋರಿ, ಇವರ ಕೈಲಿ ಆಗೂದಿಲ್ಲ" ಅಂದುಬಿಟ್ಟರು. ಮುಗಿಯಿತು. ಈಗ ನಮ್ಮನೆಯಲ್ಲಿ ಅತ್ತೆಯಷ್ಟು ಕಟ್ಟುನಿಟ್ಟಿನ ಅಕೌಂಟೆಂಟ್ ಇಲ್ಲ. ನಾನು ಒಂದು ಬೀಜ ಸುಮ್ನೆ ಕೊಟ್ಟರೂ "ಯಾವುದಕ್ಕಮ್ಮ ಇದು?" ಅಂತ ಕೇಳುತ್ತಾರೆ. ಆ ನಾಲ್ಕೂವರೆ ಸ್ಟಾರ್‌ನಲ್ಲಿ ಒಂದು ಸ್ಟಾರ್ ಈ ಒಂದು ಮಾತಿಗೆ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಸ್ಕೂಲ್ ವಿಷಯಕ್ಕೆ. ದಿನಾ ಟೀಚರ್ ಎರಡು ಮೂರು ಗುರಿಗೆ ಟಿಕ್ ಹಾಕಿ ಕಳಿಸುವ ಒಂದು ಚೀಟಿ, ಅದಕ್ಕೆ ಮನೆಯಲ್ಲಿ ಬೀಜ, ಇದು ತುಂಬಾ ಒಳ್ಳೆಯ ಉಪಾಯ. ಆದರೆ ಟೀಚರ್ ಜೊತೆ ಒಂದು ಸಲ ಫೋನ್‌ನಲ್ಲಿ ಮಾತಾಡಿ ಅಂದರೆ ಅದಕ್ಕೆ "ಸ್ಕೂಲ್ ಲಿಯಾಸನ್" ಅಂತ ಬೇರೆ ಚಾರ್ಜ್, 2,500. ನಾನೇ ಹೋಗಿ ಮಾತಾಡಿದೆ. ಕ್ಲಾಸಿನಲ್ಲಿ ನಲವತ್ತರ ಮೇಲೆ ಮಕ್ಕಳಿರುವ ಟೀಚರ್‌ಗೆ ಇನ್ನೊಂದು ಕೆಲಸ ಹೇಳುವುದಕ್ಕೆ ನನಗೇ ಮುಜುಗರ. ಡೈರಿಯಲ್ಲೇ ಟಿಕ್ ಹಾಕಿದರೆ ಸಾಕು ಅಂದಿದ್ದಕ್ಕೆ ಒಪ್ಪಿದರು. ಮುಂದಿನ ಬೆಂಚಿನಲ್ಲಿ, ಕಿಟಕಿಯಿಂದ ದೂರ ಕೂರಿಸಿದರು. ಕೆಂಪು ಇಂಕ್ ಈಗಲೂ ಇದೆ, ವಾರಕ್ಕೊಂದಿದ್ದದ್ದು ತಿಂಗಳಿಗೊಂದಾಗಿದೆ.

ಇನ್ನು ಆ 24 ಸೆಷನ್. ಚೆನ್ನಾಗಿರುವ ರೂಮ್, ದೊಡ್ಡ ಬಾಲ್, ತೂಗುಯ್ಯಾಲೆ, ಬಣ್ಣದ ಪೆಗ್ ಬೋರ್ಡ್, ಟ್ಯಾಬ್‌ನಲ್ಲಿ "ಗಮನ ಹೆಚ್ಚಿಸುವ" ಆಟ. 45 ನಿಮಿಷದಲ್ಲಿ ಶೂ ಬಿಚ್ಚುವುದು, ಕೊನೆಯಲ್ಲಿ ನಮಗೆ "ಟುಡೇ ಹಿ ವಾಸ್ ವೆರಿ ಗುಡ್" ಅನ್ನುವುದು ತೆಗೆದರೆ ಉಳಿಯುವುದು ಅರ್ಧ ಗಂಟೆ. ಮಗನಿಗೆ ಖುಷಿ, ಅದನ್ನು ಇಲ್ಲ ಅನ್ನುವುದಿಲ್ಲ. ಥೆರಪಿಸ್ಟ್ ಹುಡುಗಿ ಪ್ರೀತಿಯವಳು. ಆದರೆ ಅಲ್ಲಿ ಕೂತು ಪೆಗ್ ಜೋಡಿಸಿದವನು ಮನೆಗೆ ಬಂದು ಮಗ್ಗಿ ಬರೆಯಲು ಕೂರುತ್ತಾನೆಯೇ ಅಂದರೆ, ಇಲ್ಲ. ಕೋಚ್ ಮೇಡಂಗೆ ನೇರವಾಗಿ ಕೇಳಿದೆ. ಅವರು ತಮ್ಮ ಸೆಂಟರ್ ಅಂತ ಮುಚ್ಚಿಡಲಿಲ್ಲ, "ರೂಮಿನೊಳಗ ಕಲಿತದ್ದು ರೂಮಿನೊಳಗ ಉಳೀತದ, ಕಷ್ಟ ಎಲ್ಲಿ ಆಗ್ತದೋ ಅಲ್ಲೇ ಕೆಲಸ ಮಾಡಬೇಕು" ಅಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ದಿಕ್ಕಿನದು: ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರಿಗೆ ತರಬೇತಿ, ಆರು ದಾಟಿದವರಿಗೆ ಔಷಧಿಯ ಜೊತೆಗೆ ಪೋಷಕರ ತರಬೇತಿ ಮತ್ತು ಕ್ಲಾಸಿನಲ್ಲಿ ಮಾಡುವ ಬದಲಾವಣೆ. ಉಯ್ಯಾಲೆಯ ಸುದ್ದಿ ಅಲ್ಲಿಲ್ಲ. ನಿಮ್ಮ ಮಗುವಿಗೆ ಪೆನ್ಸಿಲ್ ಹಿಡಿಯುವುದು, ಗುಂಡಿ ಹಾಕುವುದು, ಕೈಬರಹ ಇವುಗಳಲ್ಲಿ ಬೇರೆಯಾಗಿ ತೊಂದರೆ ಇದ್ದರೆ ಇಂಥ ದಿನನಿತ್ಯದ ಕೆಲಸ ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿ ಖಂಡಿತ ಉಪಯೋಗ. ಅದು ಬೇರೆ ಕಾರಣ, ಎಡಿಎಚ್‌ಡಿಗೆ ಅಂತ ಮಾರುವುದು ಬೇರೆ.

ಮಧ್ಯದಲ್ಲಿ ತಲೆಗೆ ವೈರ್ ಹಚ್ಚಿ ಗೇಮ್ ಆಡಿಸುವ ನ್ಯೂರೋಫೀಡ್‌ಬ್ಯಾಕ್ ಅಂತ ಇನ್ನೊಂದು ಪ್ಯಾಕೇಜ್ ತೋರಿಸಿದರು, ಬೆಲೆ ಕೇಳಿ ಗಂಡ ನೀರು ಕುಡಿದರು. ಅದಕ್ಕೆ ಸಿಕ್ಕಿರುವ ಪುರಾವೆ ಗಟ್ಟಿಯಾಗಿಲ್ಲ. ಗೋಧಿ ಬಿಡಿಸಿ, ಹಾಲು ಬಿಡಿಸಿ ಅನ್ನುವ ಡಯಟ್ ಚೀಟಿಯೂ ಬಂತು. ಮೊದಲೇ ಊಟ ಸೇರದ ಮಗು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಔಷಧಿ ವಿಷಯಕ್ಕೆ. "ನಮ್ಮ ಹತ್ತಿರ ಬಂದರೆ ಮಾತ್ರೆ ಬೇಕಾಗಲ್ಲ" ಅಂತ ಸೆಂಟರ್‌ನ ಮ್ಯಾನೇಜರ್ ಆರಾಮಾಗಿ ಹೇಳಿದರು. ಅದನ್ನು ಹೇಳಬೇಕಾದವರು ಡಾಕ್ಟರ್. 1999ರಲ್ಲಿ ಪ್ರಕಟವಾದ ಎಂಟಿಎ ಅನ್ನುವ ದೊಡ್ಡ ಅಧ್ಯಯನ, 579 ಮಕ್ಕಳನ್ನು 14 ತಿಂಗಳು ನೋಡಿದ್ದು, ಮೂಲ ಲಕ್ಷಣಗಳಿಗೆ ಎಚ್ಚರಿಕೆಯಿಂದ ಕೊಟ್ಟ ಔಷಧಿ ಬರೀ ವರ್ತನೆಯ ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿತು ಅಂತ ತೋರಿಸಿತು. ಎರಡೂ ಸೇರಿಸಿ ಕೊಟ್ಟ ಮಕ್ಕಳಿಗೆ ಔಷಧಿಯ ಪ್ರಮಾಣ ಕಡಿಮೆ ಸಾಕಾಗಿತ್ತು. ನಮ್ಮ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಅನ್ನುವ ಎಡಿಎಚ್‌ಡಿ ಮಾತ್ರೆ ಸಣ್ಣ ಡೋಸ್‌ನಲ್ಲಿ ಶುರು ಮಾಡಿದರು. ಅದು ಕಾನೂನಿನ ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಔಷಧಿ, ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲಾ ಮೆಡಿಕಲ್ ಶಾಪ್‌ನಲ್ಲಿ ಇರುವುದೂ ಇಲ್ಲ, ಹಾಗಾಗಿ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹುಡುಕಿ. ಮಧ್ಯಾಹ್ನ ಹಸಿವು ಕಡಿಮೆ, ಟಿಫನ್ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸ್. ಮಾತ್ರೆಗೆ ಮುಂಚೆ ಎರಡು ದೋಸೆ, ರಾತ್ರಿ ಗಟ್ಟಿ ಊಟ, ಹೀಗೆ ಸರಿದೂಗಿಸಿದೆವು. ತೂಕ, ಎತ್ತರ, ಬಿಪಿ ಪ್ರತಿ ಭೇಟಿಯಲ್ಲೂ ನೋಡುತ್ತಾರೆ. ಇದು ನಮ್ಮ ಮಗುವಿನ ಕಥೆ, ನಿಮ್ಮ ಮಗುವಿಗೆ ಬೇಕೋ ಬೇಡವೋ ನಿಮ್ಮ ಡಾಕ್ಟರನ್ನೇ ಕೇಳಿ. ಮ್ಯಾನೇಜರನ್ನು ಕೇಳಬೇಡಿ.

ಬಿಲ್ಲಿಂಗ್‌ಗೆ ಬರೋಣ. ಪ್ಯಾಕೇಜ್ ದುಡ್ಡು ವಾಪಸ್ ಇಲ್ಲ, ನಾಲ್ಕು ತಿಂಗಳಲ್ಲಿ ಮುಗಿಸಬೇಕು, 24 ಗಂಟೆ ಮುಂಚೆ ಹೇಳದಿದ್ದರೆ ಆ ಸೆಷನ್ ಹೋಯಿತು. ಮಕ್ಕಳಿಗೆ ಜ್ವರ 24 ಗಂಟೆ ಮುಂಚೆ ನೋಟಿಸ್ ಕೊಟ್ಟು ಬರುತ್ತದಾ? ಮಳೆಗಾಲದಲ್ಲಿ ಹಾಗೇ ಕೆಲವು ಸೆಷನ್ ಹೋದವು. ಅವರ ಥೆರಪಿಸ್ಟ್ ರಜೆ ಹಾಕಿದರೆ ಮಾತ್ರ "ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ".

ಇನ್ಶೂರೆನ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಕೂಡ 2022ರ ಅಕ್ಟೋಬರ್ 31ರೊಳಗೆ ಎಲ್ಲಾ ಕಂಪನಿಗಳೂ ಇದನ್ನು ಪಾಲಿಸಬೇಕು ಅಂತ ಹೇಳಿತ್ತು. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಆಫೀಸಿನ ಪಾಲಿಸಿಯೂ ಸೇರಿ ಹೆಚ್ಚಿನವು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಕೊಡುವಂಥವು. ಎಡಿಎಚ್‌ಡಿ ಮಗು ಯಾವ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುತ್ತದೆ? ಥೆರಪಿ, ಕೋಚಿಂಗ್, ಡಾಕ್ಟರ್ ಭೇಟಿ ಎಲ್ಲಾ ಒಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಲೆಕ್ಕ. ನಮ್ಮ ಕ್ಲೈಮ್ ಎರಡು ಸಾಲಿನ ಇಮೇಲ್‌ನಲ್ಲಿ ವಾಪಸ್ ಬಂತು. ಒಪಿಡಿ ಕವರ್ ಇರುವ ಪಾಲಿಸಿ ನಿಮ್ಮದಾಗಿದ್ದರೆ ಅದರಲ್ಲಿ ಮನೋವೈದ್ಯರ ಭೇಟಿ ಮತ್ತು ಸೈಕಾಲಜಿಸ್ಟ್ ಫೀಸ್ ಎರಡೂ ಇದೆಯಾ ಅಂತ ಬರಹದಲ್ಲಿ ಕೇಳಿ. ರಸೀದಿ ಮೇಲೆ "ಪ್ಯಾಕೇಜ್" ಅಂತ ಒಂದೇ ಸಾಲು ಬರೆಸಿಕೊಳ್ಳಬೇಡಿ. ಯಾವ ದಿನ, ಯಾರು, ಅವರ ರಿಜಿಸ್ಟ್ರೇಷನ್ ನಂಬರ್ ಏನು, ಎಲ್ಲಾ ಇರಲಿ.

ಸರ್ಕಾರದ ಸೌಲಭ್ಯಗಳಲ್ಲೂ ಈ ಮಕ್ಕಳು ಸಂದಿಯಲ್ಲಿ ಬೀಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇವೆ, ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿಗೆ ಬೇರೆ ಸಾಲು ಇಲ್ಲ. ಒಂದು ಲಕ್ಷದವರೆಗೆ, ಥೆರಪಿ ಖರ್ಚೂ ಸೇರಿ ಕೊಡುವ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ. ವೈಕಲ್ಯ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ತೆರಿಗೆಯಲ್ಲಿ ಸಿಗುವ ವಿನಾಯಿತಿಗೆ (80ಡಿಡಿ) ಕನಿಷ್ಠ ಶೇಕಡಾ 40 ವೈಕಲ್ಯದ ಸರ್ಟಿಫಿಕೇಟ್ ಬೇಕು. ಮಗುವಿಗೆ ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ವಿಚಾರಿಸಿ, ಕಲಿಕೆಯ ತೊಂದರೆ ಈ ಮಕ್ಕಳಲ್ಲಿ ಜೊತೆಗಿರುವುದು ಅಪರೂಪವೇನಲ್ಲ. ಬರೀ ಎಡಿಎಚ್‌ಡಿ ಇದ್ದರೆ ಜೇಬೇ ಗತಿ.

ಜೇಬು ಅಷ್ಟು ತಡೆಯದಿದ್ದರೆ ಈ ಥರದ ಸೆಂಟರ್‌ಗೆ ಸಾಲ ಮಾಡಿ ಹೋಗಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ, ಖರ್ಚು ಖಾಸಗಿಗೆ ಹೋಲಿಸಿದರೆ ಏನೂ ಅಲ್ಲ. ಒಂದು ದಿನ ಪೂರ್ತಿ ರಜೆ ಹಾಕಿ ಹೋಗಿ, ತಿಂಡಿ ಕಟ್ಟಿಕೊಳ್ಳಿ, ಕೂರಲಾರದ ಮಗುವನ್ನು ಕ್ಯೂನಲ್ಲಿ ಕೂರಿಸುವುದೇ ಅಲ್ಲಿಯ ದೊಡ್ಡ ಪರೀಕ್ಷೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮಾತು, ಕಲಿಕೆಯ ತೊಂದರೆಯೂ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಆರ್‌ಬಿಎಸ್‌ಕೆ ಕಾರ್ಯಕ್ರಮ ಗುರುತಿಸುವ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ, ಜಿಲ್ಲಾ ಮಟ್ಟದಲ್ಲಿ ಅದಕ್ಕೆ ಡಿಇಐಸಿ ಅನ್ನುವ, ಮಕ್ಕಳ ತೊಂದರೆ ಬೇಗ ಗುರುತಿಸಿ ನೆರವಾಗುವ ಕೇಂದ್ರಗಳಿವೆ. ಜಿಲ್ಲಾಸ್ಪತ್ರೆಯಲ್ಲಿ ಆ ಹೆಸರು ಹೇಳಿಯೇ ಕೇಳಿ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಖಾಸಗಿಗೇ ಹೋಗುವುದಾದರೆ, ಯಾರ ಹತ್ತಿರ ಹೋಗುತ್ತಿದ್ದೀರೋ ಅವರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ ಅಂತ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟ್‌ನಲ್ಲೇ ನೋಡಬಹುದು. ಬೋರ್ಡ್ ಮೇಲೆ ಬರೀ "ಚೈಲ್ಡ್ ಎಕ್ಸ್‌ಪರ್ಟ್" ಅಂತ ಇದ್ದರೆ ಏನೂ ಹೇಳಿದ ಹಾಗಲ್ಲ. ನಂಬರ್ ಕೇಳಿದರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಕೋಚ್ ಮೇಡಂ ಕೇಳುವ ಮೊದಲೇ ಕಾರ್ಡ್ ಕೊಟ್ಟರು.

ನಾವು ಮಗುವಿನ ಪ್ಯಾಕೇಜನ್ನು ಮತ್ತೆ ಹಾಕಿಸಲಿಲ್ಲ. ತಿಂಗಳಿಗೊಂದು ಕೋಚಿಂಗ್ ಮಾತ್ರ ಇಟ್ಟುಕೊಂಡಿದ್ದೇವೆ, 1,800 ರೂಪಾಯಿ, ಅವತ್ತೇ ಕೊಟ್ಟರೆ ಸಾಕು. ಈ ದರ ಅವರ ಬ್ರೋಶರ್‌ನಲ್ಲಿ ಎಲ್ಲೂ ಇಲ್ಲ. "ಪೇರೆಂಟ್ ಓನ್ಲಿ" ಅಂತ ಕೌಂಟರ್‌ನಲ್ಲಿ ಕೇಳಿದರೆ ಮೊದಲು ಆ ಥರ ಇಲ್ಲ ಅನ್ನುತ್ತಾರೆ, ಇನ್ನೊಮ್ಮೆ ಕೇಳಿದರೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೂಂ ಅನ್ನುತ್ತಾರೆ. ವಿಡಿಯೋ ಕಾಲ್‌ನಲ್ಲೂ ಮಾಡುತ್ತಾರೆ, ಊರಲ್ಲಿರುವ ಅಜ್ಜ ಅಜ್ಜಿಯನ್ನು ಸೇರಿಸಿಕೊಳ್ಳಲು ಅದು ಒಳ್ಳೆಯದು. ಸಂಜೆ ಆರರ ಸ್ಲಾಟ್ ಬೇಕಾದರೆ ಎರಡು ವಾರ ಮುಂಚೆ ಹೇಳಿ. ಪಾರ್ಕಿಂಗ್ ಇಲ್ಲ, ಮೆಟ್ರೋ ಹತ್ತಿರ. ವೇಟಿಂಗ್ ರೂಮಿನ ಮೀನಿನ ತೊಟ್ಟಿಯ ಮುಚ್ಚಳಕ್ಕೆ ಬೀಗ ಹಾಕಿದ್ದಾರೆ. ಯಾಕೆ ಅಂತ ಗಂಡ ಕೇಳಿದರು, ರಿಸೆಪ್ಷನ್ ಹುಡುಗಿ ನಮ್ಮ ಮಗನ ಕಡೆ ನೋಡಿ ನಕ್ಕಳು.